ಬೋಟಿ ತೊಳೆದ ಕೈಗೆ

ಮಗಳ ಮನೆಗೆ ಅಂತ ಸಿಂಗಾಪುರಕ್ಕೆ ಹೋಗಿ ಎರಡು ತಿಂಗಳು ಇದ್ದು ಬಂದಿದ್ದು ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಏನೇನು ತಿಂದೆ ಅಂತ ಪಕ್ಕದ ಮನೆ ಅಕ್ಕ ದಿನಾ ಕೇಳ್ತಾರೆ. ಎಲ್ಲಾ ಬರೀತಾ ಕೂತ್ರೆ ಮುಗಿಯಲ್ಲ, ಒಂದರ ಸುದ್ದಿ ಮಾತ್ರ ಹೇಳ್ತೀನಿ. ಹಂದಿ ಕರುಳಿನದು. ಮಾಂಸ ತಿನ್ನದೋರು ಇಲ್ಲಿಗೇ ನಿಲ್ಲಿಸ್ಕಳಿ, ಬೇಜಾರು ಮಾಡ್ಕಬೇಡಿ.

ಆ ಊರಲ್ಲಿ ಹಾಕರ್ ಸೆಂಟರ್ ಅಂತ ಇರ್ತವೆ. ಒಂದೇ ಚಾವಣಿ ಕೆಳಗೆ ಸಾಲಾಗಿ ಸಣ್ಣ ಸಣ್ಣ ಅಂಗಡಿ, ಮಧ್ಯ ಮೇಜು ಕುರ್ಚಿ. ಮುಂಚೆ ಇವರೆಲ್ಲ ರಸ್ತೆ ಬದಿ ಗಾಡಿ ಇಟ್ಕಂಡು ಮಾರ್ತಿದ್ದೋರಂತೆ. ಸರ್ಕಾರದೋರು ನೀರು, ಚರಂಡಿ ಎಲ್ಲಾ ಮಾಡಿಕೊಟ್ಟು ಒಳಗೆ ಕೂರಿಸಿದ್ರು, 1986ರ ಹೊತ್ತಿಗೆ ಆ ಕೆಲಸ ಮುಗೀತು. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊದೋರು ಈ ಹಾಕರ್ ಪದ್ಧತಿನ ತಮ್ಮ ಪಟ್ಟಿಗೂ ಸೇರಿಸಿದ್ದಾರೆ. ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇಟ್ಟು ಹೋದ್ರೆ ಆ ಜಾಗ ಅವರದ್ದು, ಯಾರೂ ಮುಟ್ಟಲ್ಲ. ನಮ್ಮಲ್ಲಿ ಬಸ್ಸಿನ ಸೀಟಿಗೆ ಟವಲ್ ಹಾಕ್ತಾರಲ್ಲ, ಹಂಗೇ.

ಒಂದು ಭಾನುವಾರ ಮಗಳು ಓಲ್ಡ್ ಏರ್‌ಪೋರ್ಟ್ ರೋಡಿನ ಸೆಂಟರ್‌ಗೆ ಕರ್ಕಂಡು ಹೋದ್ಳು. 'ಅಮ್ಮಾ, ನೀನು ಬೋಟಿ ತಿಂತೀಯಲ್ಲ, ಇಲ್ಲಿ ಕ್ವೇ ಚಾಪ್ ಅಂತ ಸಿಗುತ್ತೆ, ನೋಡ್ತೀಯಾ?' ಅಂದ್ಳು. ನಮ್ಮನೇಲಿ ಹಂದಿ ಸಾರು ಮಾಡ್ತೀವಿ, ಬೋಟಿ ಅಂದ್ರೆ ಮಾತ್ರ ಕುರಿದೇ. ಹಂದಿ ಕರುಳು ನಾನು ಬಾಯಿಗೆ ಇಟ್ಟೋಳಲ್ಲ. ಆಗಲಿ ಅಂದೆ.

ಕ್ವೇ ಅಂದ್ರೆ ಅಕ್ಕಿಹಿಟ್ಟಿನ ತೆಳ್ಳನೆ ಹಾಳೆ. ನೀರುದೋಸೆನ ಅಗಲಗಲ ಕತ್ತರಿಸಿದ್ರೆ ಹೆಂಗಿರುತ್ತೋ ಹಂಗೆ, ನಾಲಿಗೆ ಮೇಲೆ ಜಾರುತ್ತೆ. ಅದನ್ನ ಬಟ್ಟಲಿಗೆ ಹಾಕಿ, ಸೋಯಾ ಸಾಸಿನ ತಿಳಿಸಾರು ಬಿಟ್ಟು, ಮೇಲೆ ಹುರಿದ ಸಣ್ಣೀರುಳ್ಳಿ ಉದುರಿಸ್ತಾರೆ. ಬೇರೆ ತಟ್ಟೇಲಿ ಹಂದಿ ಕರುಳು, ಹೊಟ್ಟೆ, ಚರ್ಮ, ಒಂದಿಷ್ಟು ಕೊಬ್ಬಿನ ಮಾಂಸ, ಮೊಟ್ಟೆ, ಕರಿದ ತೋಫು. ಎಲ್ಲಾ ಒಂದೇ ಕಪ್ಪು ರಸದಲ್ಲಿ ಗಂಟೆಗಟ್ಟಲೆ ಬೆಂದಿರುತ್ತೆ. ಚಕ್ಕೆ, ಚಕ್ರಮೊಗ್ಗು, ಬೆಳ್ಳುಳ್ಳಿ, ಶುಂಠಿ ಜಾತಿದೊಂದು ಗೆಡ್ಡೆ. ಕಾಯಿಲ್ಲ, ಖಾರದಪುಡಿ ಇಲ್ಲ. ಹುಳಿ ಹುಳಿ ಮೆಣಸಿನಕಾಯಿ ಚಟ್ನಿ ಪಕ್ಕದಲ್ಲಿ ಕೊಡ್ತಾರೆ. ದಕ್ಷಿಣ ಚೀನಾದಿಂದ ಬಂದ ತಿಯೋಚೂ ಜನರ ಅಡುಗೆಯಂತೆ ಇದು.

ತಿನ್ನೋಕೆ ಮುಂಚೆ ನಾನು ಮೂಸಿ ನೋಡಿದೆ ಕಣ್ರೇ. ಬೋಟಿ ತೊಳೆದೋರಿಗೆ ಗೊತ್ತು, ಎಲ್ಲಾ ಮೂಗಿನಲ್ಲೇ ತಿಳಿಯೋದು. ಒಂಚೂರೂ ವಾಸನೆ ಇಲ್ಲ! ಮೆತ್ತಗಿತ್ತು, ಆದ್ರೂ ಹಲ್ಲಿಗೆ ಸಿಗ್ತಿತ್ತು. ಕಪ್ಪು ರಸದ ಸಣ್ಣ ಸಿಹಿ. ಚಟ್ನಿ ಜೊತೆ ಸೊಗಸಾಗಿತ್ತು.

ಅಂಗಡೀಲಿ ನನಗಿಂತ ವಯಸ್ಸಾದ ಒಬ್ಬಾಕೆ ಕತ್ತರೀಲಿ ಕರುಳು ಕತ್ತರಿಸ್ತಾ ನಿಂತಿದ್ರು. ಜನ ಕಮ್ಮಿಯಾದ ಮೇಲೆ ಮಗಳ ಹತ್ರ ಕೇಳಿಸಿದೆ, ಹೆಂಗೆ ತೊಳೀತೀರಿ ಅಂತ. ಆಕೆ ಮುರುಕು ಇಂಗ್ಲಿಷಲ್ಲಿ ಅಷ್ಟು, ಕೈಸನ್ನೇಲಿ ಇಷ್ಟು ಹೇಳಿದ್ರು. ಒಳಗಿಂದು ಹೊರಗೆ ಮಗುಚಬೇಕು, ಕೊಬ್ಬು ಕೀಳಬೇಕು, ಉಪ್ಪು ಹಿಟ್ಟು ಹಾಕಿ ತಿಕ್ಕಬೇಕು, ಮತ್ತೆ ನೀರು, ಮತ್ತೆ ಹಿಟ್ಟು. ನಾನೂ ಕೈಯಲ್ಲೇ ತೋರಿಸಿದೆ, ನಾವು ಕಡ್ಡಿ ತೂರಿಸಿ ಮಗುಚ್ತೀವಿ, ಅರಿಶಿನ ಉಪ್ಪು ಹಾಕ್ತೀವಿ ಅಂತ. ಆಕೆಗೆ ನಗು ಬಂತು. ತನ್ನ ಬೆರಳು ತೋರಿಸಿದ್ರು. ಗಂಟು ಗಂಟು, ನೀರಲ್ಲಿ ನೆಂದು ಬೆಳ್ಳಗೆ ಸುಕ್ಕು. ನಮ್ಮತ್ತೆ ಬೆರಳು ಹಂಗೇ ಇದ್ದವು.

ಇಬ್ಬರಿಗೆ 12 ಡಾಲರ್ ಆಯ್ತು. ನಮ್ಮ ದುಡ್ಡಲ್ಲಿ ಏಳ್ನೂರರ ಮೇಲೆ. ಇಷ್ಟೊಂದಾ ಅಂದಿದ್ದಕ್ಕೆ ಮಗಳು, 'ತೊಳೆದಿದ್ದಕ್ಕೆ ಕೊಡಬೇಡ್ವಾ ಅಮ್ಮಾ' ಅಂದ್ಳು.

ಆ ಮಾತು ತಲೇಲಿ ಕೂತ್ಬಿಡ್ತು. ಮದುವೆಯಾಗಿ ಬಂದಾಗಿಂದ ಪ್ರತಿ ವರ್ಷತೊಡಕಿಗೂ ನಮ್ಮನೆಗೆ ಗುಡ್ಡೆ ಬಾಡು ಬರುತ್ತೆ. ಬೋಟಿ ಹೆಂಗಸರ ಪಾಲಿನ ಕೆಲಸ. ಬೆಳಗಿನ ಜಾವ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ನಾನು, ಅತ್ತೆ, ಓರಗಿತ್ತಿ ತೊಳೀತಿದ್ವಿ. ಮಧ್ಯಾಹ್ನ ಗಂಡಸರದ್ದು ಎರಡು ಪಂಕ್ತಿ, ಆಮೇಲೆ ನೆಂಟರು, ಆಮೇಲೆ ಮಕ್ಕಳು. ನಾವು ಕೂರೋ ಹೊತ್ತಿಗೆ ಪಾತ್ರೆ ತಳದಲ್ಲಿ ಗೊಜ್ಜು ಮಾತ್ರ. ನಮ್ಮತ್ತೆ ಮುದ್ದೆ ಮುರಿದು ಆ ಗೊಜ್ಜಿಗೆ ಒರೆಸ್ಕಂಡು ತಿಂದು, 'ಚೆನ್ನಾಗಿತ್ತಂತೆ' ಅಂತಿದ್ರು. ಚೆನ್ನಾಗಿತ್ತು ಅಂತಲ್ಲ, ಚೆನ್ನಾಗಿತ್ತಂತೆ. ಅವರು ತೀರಿಹೋಗಿ ಒಂಬತ್ತು ವರ್ಷ ಆಯ್ತು. ಬೋಟಿ ಗೊಜ್ಜಲ್ಲಿ ಅವರ ಕೈ ಹಿಡಿಯೋರು ಊರಲ್ಲೇ ಇರಲಿಲ್ಲ. ತಾವೇ ಬಿಸಿಬಿಸಿ ತಟ್ಟೆ ತುಂಬಾ ತಿಂದಿದ್ದು ಮಾತ್ರ ನಾನು ನೋಡಲಿಲ್ಲ.

ಈ ಯುಗಾದಿಗೆ ನಾನು ಊರಿಗೆ ವಾಪಸ್ ಬಂದಿದ್ದೆ. ವರ್ಷತೊಡಕಿನ ದಿನ ಬೋಟಿ ತೊಳೆದು, ಗೊಜ್ಜು ಇಳಿಸಿ, ಯಜಮಾನ್ರಿಗೆ ಹೇಳಿದೆ, 'ಇವತ್ತು ತೊಳೆದೋರು ಮೊದಲು ಕೂರ್ತೀವಿ, ಬಡಿಸಿ' ಅಂತ. ಅವರು ಒಂದು ಗಳಿಗೆ ಸುಮ್ಮನೆ ನಿಂತ್ರು. ಮೈದುನ ನಕ್ಕ. ನಾವು ಏಳಲಿಲ್ಲ. ಕೊನೆಗೆ ಮಗ ಸೌಟು ತಗಂಡ. ಓರಗಿತ್ತಿಗೆ ಮೊದಲು ನಾಚಿಕೆ, ಆಮೇಲೆ ಎರಡು ಸಲ ಹಾಕಿಸ್ಕಂಡ್ಳು.

ಉಪ್ಪು ಒಂಚೂರು ಜಾಸ್ತಿಯಾಗಿತ್ತು. ಇಷ್ಟು ವರ್ಷದಲ್ಲಿ ಅದು ಬಡಿಸೋ ಮುಂಚೆ ನಮಗೇ ಗೊತ್ತಾಗಿದ್ದು ಇದೇ ಮೊದಲು. ಗಂಡಸರ ಪಂಕ್ತಿಗೆ ಒಂದು ಲೋಟ ಬಿಸಿನೀರು ಬೆರೆಸಿ ಕುದಿಸಿದೆ.

ನಿಮ್ಮನೆಗಳಲ್ಲಿ ಹೆಂಗೆ? ತೊಳೆದೋರು ಯಾವ ಪಂಕ್ತೀಲಿ ಕೂರ್ತಾರೆ, ಸಿಕ್ಕಾಗ ಹೇಳಿ.