ಕಲ್ಲಲ್ಲಿ ಅಚ್ಚಾದ ಸುದ್ದಿ

ಜುಲೈ 1 ಬಂತೆಂದರೆ ಪತ್ರಿಕಾ ದಿನಾಚರಣೆ. ಊರೂರಲ್ಲಿ ಶಾಲು, ಹಾರ, ಭಾಷಣ. ಆ ದಿನಾಂಕ ನಮಗೆ ಸಿಕ್ಕಿದ್ದು ಒಬ್ಬ ಜರ್ಮನ್ ಪಾದ್ರಿಯಿಂದ: ಹರ್ಮನ್ ಮೋಗ್ಲಿಂಗ್. ಕಿಟೆಲ್ ಅಂದರೆ ಎಲ್ಲರಿಗೂ ಗೊತ್ತು, ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯೂ ಇದೆ. ಕಿಟೆಲ್‌ಗಿಂತ ಹದಿನೇಳು ವರ್ಷ ಮೊದಲೇ, 1836ರಲ್ಲಿ ಬಂದ ಈ ಮನುಷ್ಯನ ಹೆಸರು ಹೇಳಿ ನೋಡಿ, ನಮ್ಮ ಅಂಜನಾಪುರದ ಅಪಾರ್ಟ್‌ಮೆಂಟ್‌ನಲ್ಲಿ ಜಂಗಲ್ ಬುಕ್ಕಿನ ಮೋಗ್ಲಿನಾ ಅಂತಾರೆ.

ಹುಟ್ಟಿದ್ದು 1811ರಲ್ಲಿ, ಓದಿದ್ದು ಟ್ಯೂಬಿಂಗನ್‌ನಲ್ಲಿ. ಬಾಸೆಲ್ ಮಿಷನ್ ಕಳಿಸಿತು, ಮಂಗಳೂರಿಗೆ ಬಂದು ಕನ್ನಡ ಕಲಿತ. 1843ರ ಜುಲೈ 1ಕ್ಕೆ ‘ಮಂಗಳೂರ ಸಮಾಚಾರ’ ಹೊರಬಂತು, ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರ್ಕಾರದ ಕಾನೂನು, ಬೇರೆ ರಾಜ್ಯಗಳ ಸುದ್ದಿ, ನಡುವೆ ಒಂದು ಕಥೆ. ಮತಪ್ರಚಾರಕ್ಕೆ ಬಂದವನು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮತಪ್ರಚಾರವಷ್ಟೇ ಬೇಕಿದ್ದರೆ ಕರಪತ್ರ ಸಾಕಿತ್ತು. ಕಂಪನಿ ಸರ್ಕಾರ ಏನು ಕಾನೂನು ಮಾಡಿದೆ ಅಂತ ರೈತನಿಗೆ ಅವನ ಮಾತಿನಲ್ಲೇ ಹೇಳಬೇಕು ಅನ್ನಿಸಿದ್ದು ಬೇರೆಯೇ ವಿಷಯ.

ಅದು ಅಚ್ಚಾಗ್ತಿದ್ದ ರೀತಿ ನನಗೆ ತುಂಬಾ ಇಷ್ಟ. ಅಚ್ಚುಮೊಳೆ ಇಲ್ಲ, ಕಲ್ಲಚ್ಚು. ಜಿಡ್ಡಿನ ಮಸಿಯ ಕೈಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿದ್ದ ಕಡೆ ಶಾಯಿ ಹಿಡಿಯುತ್ತೆ, ನೀರಿದ್ದ ಕಡೆ ಇಲ್ಲ. ಎಣ್ಣೆ ನೀರಿಗೆ ಸೇರಲ್ಲ, ಅಷ್ಟೇ ತಂತ್ರ. ಒತ್ತಕ್ಷರ, ಕೊಂಬು, ದೀರ್ಘ ಯಾವುದೂ ತಕರಾರು ಮಾಡಲ್ಲ, ಕೈ ಬರೆದದ್ದೇ ಅಕ್ಷರ. ಇವತ್ತೂ ಕೆಲವು ಪಿಡಿಎಫ್‌ಗಳಲ್ಲಿ ನಮ್ಮ ಒತ್ತಕ್ಷರ ಚೆಲ್ಲಾಪಿಲ್ಲಿ ಆಗೋದನ್ನು ನೋಡಿದಾಗ ಆ ಕಲ್ಲು ನೆನಪಾಗುತ್ತೆ.

ಮರುವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಯ್ತು, ಹೆಸರು ‘ಕನ್ನಡ ಸಮಾಚಾರ’ ಆಯ್ತು. ಒಂದು ಊರಿನ ಹೆಸರು ಬಿಟ್ಟು ಭಾಷೆಯ ಹೆಸರು ಇಟ್ಟುಕೊಂಡದ್ದು ಸಣ್ಣ ಮಾತಲ್ಲ, ಕನ್ನಡ ಮಾತಾಡೋರು ಆಗ ಹತ್ತಾರು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಆಮೇಲೆ ಮೋಗ್ಲಿಂಗ್ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಹಣ ಕೊಟ್ಟವನು ಕ್ಯಾಸಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶ. ಪಾದ್ರಿಯೊಬ್ಬ ಬಸವಪುರಾಣ ಪ್ರಕಟಿಸೋದು! ಈ ಕೆಲಸಕ್ಕೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ವಾಪಸ್, 1881ರಲ್ಲಿ ತೀರಿಕೊಂಡ.

ಇದೆಲ್ಲ ಯಾಕೆ ತಲೆಗೆ ಬಂತು ಅಂದರೆ, ನಾನು ಕೆಲಸ ಮಾಡೋದು ಒಂದು ಸುದ್ದಿ ಆ್ಯಪ್‌ನಲ್ಲಿ. ಕನ್ನಡ ಆವೃತ್ತಿಯಿಂದ ಆದಾಯ ಸಾಲ್ತಿಲ್ಲ, ಮುಚ್ಚೋಣ ಅಂತ ಮೀಟಿಂಗಿನಲ್ಲಿ ಮಾತು ಬಂತು. ಊರಲ್ಲಿ ನಮ್ಮವ್ವ ಅಡಿಕೆ ರೇಟು ನೋಡೋದು ಅದರಲ್ಲೇ. ಅವ್ವನ ವಿಷಯ ಸ್ಲೈಡಿಗೆ ಹಾಕಕ್ಕಾಗಲ್ಲ, ಹಂಗಾಗಿ ಮೋಗ್ಲಿಂಗ್ ಕಥೆ ಹೇಳಿದೆ. ನಮ್ಮ ಮ್ಯಾನೇಜರ್ ಪಂಜಾಬಿನವರು, ಒಳ್ಳೆ ಮನುಷ್ಯ, ಪೂರ್ತಿ ಕೇಳಿದರು. ಕೇಳಿ, "ಅವನಿಗೆ ಎಷ್ಟು ಜನ ಓದುಗರಿದ್ದರು?" ಅಂದರು.

"ಓದೋಕೆ ಬರೋರೇ ಕಮ್ಮಿ ಇದ್ದ ಕಾಲ ಸರ್, ಆದರೂ ತಂದ" ಅಂದೆ. ಮುಂದಿನ ಕ್ವಾರ್ಟರ್‌ವರೆಗೂ ನೋಡೋಣ ಅಂತ ಬಿಟ್ಟಿದ್ದಾರೆ. ಈ ವಾರ ಲಾಗಿನ್ ಪುಟದಲ್ಲಿ ‘ಕನ್ನಡ’ ಅನ್ನೋ ಗುಂಡಿಯನ್ನು ಎರಡನೇ ಸಾಲಿನಿಂದ ಮೊದಲ ಸಾಲಿಗೆ ತರೋ ಕೆಲಸ ಮಾಡ್ತಿದ್ದೀನಿ.