ಹಂತಿಯೋ ಸಂತಿಯೋ

ಹಂತಿ ಪದ ಈಗ ಕಣದಾಗ ಇಲ್ಲ, ಕಂಪ್ಯೂಟರದಾಗ ಐತಿ. ರಾಶಿ ಮಾಡುವ ಮಿಷನ್ನು ಬಂದ ಮೇಲೆ ಕಣದ ನಡುವೆ ಮೇಟಿ ನೆಡುವವರು ಇಲ್ಲ, ಎತ್ತು ಸಾಲಾಗಿ ಕಟ್ಟಿ ತೆನಿ ತುಳಿಸುವವರೂ ಇಲ್ಲ. ರಾತ್ರಿ ನಿದ್ದಿ ಬರಬಾರದು, ಎತ್ತು ನಿಲ್ಲಬಾರದು ಅಂತ ಹಾಡುತ್ತಿದ್ದ ಪದಗಳು ಹಳೇ ಕ್ಯಾಸೆಟ್ಟುಗಳಲ್ಲಿ ಅಷ್ಟು ಇಷ್ಟು ಉಳಿದಿದ್ದವು. ಅವನ್ನು ನಮ್ಮ ವಾಚನಾಲಯದ ಹುಡುಗರು ಕಂಪ್ಯೂಟರಿಗೆ ಇಳಿಸಿದ್ದಾರೆ. ಒಳ್ಳೆಯ ಕೆಲಸ. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಜತ್ತ ತಾಲೂಕಿನ ನಮ್ಮ ಈ ಭಾಗದ ಕನ್ನಡ ಸಾಲಿ ಮಕ್ಕಳು ಪದ ಕಲಿಯಬೇಕಾದರೆ ಆ ಕಂಪ್ಯೂಟರಿನ ಮುಂದೆಯೇ ಕೂಡಬೇಕು. ಹಿಂಗಾಗಿ ಅದು ಹೆಂಗ ಹಾಡತೈತಿ ಅನ್ನುವುದು ಸಣ್ಣ ಮಾತಲ್ಲ.

ಹೋದ ಗ್ಯಾದರಿಂಗಿನ ತಯಾರಿಯಲ್ಲಿ ಮಕ್ಕಳು ಪದ ಬಾಯಿಪಾಠ ಮಾಡಿದ್ದರು. ಹಂತಿ ಅನ್ನುವಲ್ಲಿ ಸಂತಿ ಅಂದರು, ಮೇಟಿ ಅನ್ನುವಲ್ಲಿ ಪೇಟಿ ಅಂದರು. ಮಕ್ಕಳದು ತಪ್ಪಿಲ್ಲ. ಅವರು ಸಂತಿ ನೋಡ್ಯಾರ, ಭಜನಿ ಪೇಟಿ ನೋಡ್ಯಾರ. ಹಂತಿ, ಮೇಟಿ ನೋಡಿಲ್ಲ. ಕಿವಿಗೆ ಅರ್ಧ ಕೇಳಿದ್ದನ್ನು ತಿಳಿದ ಮಾತಿಗೆ ಹೊಂದಿಸಿಕೊಂಡರು. ನಾವು ಹೋಗಿ ಕೇಳಿದಾಗ ತಿಳಿಯಿತು: ಕಂಪ್ಯೂಟರಿನಲ್ಲಿ ಮ್ಯಾಲಿನ ಧ್ವನಿ ಪೂರ್ತಿ ಏರಿಸಿದ್ದರು. ಕ್ಯಾಸೆಟ್ಟಿನ ‘ಸ್ಸ್’ ಅನ್ನುವ ಸದ್ದು ಹಾಡಿನ ಮ್ಯಾಲ ಕೂತು ಹಂತಿಯನ್ನು ಸಂತಿ ಮಾಡಿತ್ತು. ಕೆಳಗಿನ ಧ್ವನಿಯನ್ನೂ ಏರಿಸಿದ್ದರು. ಆ ಗುಮ್‌ಗುಮ್ಮಿನಲ್ಲಿ ಮೇಟಿಯ ಮಕಾರ ಮುಚ್ಚಿಹೋಗಿತ್ತು. ಎರಡನ್ನೂ ಇಳಿಸಿ ಹಚ್ಚಿದೆವು. ಅದೇ ಮಕ್ಕಳು ಪಾಟಿಯ ಮ್ಯಾಲ ಹಂತಿ ಅಂತಲೇ ಬರೆದರು.

ಧ್ವನಿಯ ಲೆಕ್ಕ ತಿಳಿದರೆ ಇದು ಸುಲಭ. ಗಾಳಿ ಒಂದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದಕ್ಕೆ ಹರ್ಟ್ಸ್ ಅನ್ನುತ್ತಾರೆ. ಒಳ್ಳೆಯ ಕಿವಿಗೆ 20ರಿಂದ 20,000 ಹರ್ಟ್ಸಿನ ತನಕ ಕೇಳಿಸುತ್ತದೆ. ಗಂಡಸು ಮಾತಾಡುವಾಗ ಅವನ ದನಿಯ ಬುಡ 100ರಿಂದ 150ರ ಸುತ್ತ ಇರುತ್ತದೆ. ಆದರೆ ಕ ಯಾವುದು, ತ ಯಾವುದು, ಸ ಯಾವುದು ಅಂತ ಬೇರೆ ಮಾಡುವ ಗುರುತು ಬುಡದಲ್ಲಿಲ್ಲ, 2,000 ದಾಟಿದ ಮೇಲೆ ಹೆಚ್ಚು ಇರುತ್ತದೆ. ಬುಡದಾಗ ದನಿಯ ದಪ್ಪ, ತುದಿಯಾಗ ಮಾತಿನ ಗುರುತು. ಬುಡಕ್ಕೆ ಬಹಳ ನೀರು ಬಿಟ್ಟರೆ ಬೆಳಿ ಕೊಳೀತೈತಲ್ಲ, ಹಂಗ ಬಾಸ್ ಬಹಳ ಏರಿಸಿದರೆ ಮಾತು ಕೊಳೀತೈತಿ.

ಈಗ ಮಾಡುವ ಕೆಲಸ ಒಂದೊಂದಾಗಿ ಹೇಳತೀನಿ.

ಮೊದಲು ಧ್ವನಿಯ ಪ್ರಮಾಣ. ಧ್ವನಿ ಏರಿಸುವ ಜಾಗ ಮೂರು ಇರುತ್ತವೆ: ಹಾಡು ಹಚ್ಚುವ ಪ್ಲೇಯರಿನಲ್ಲಿ ಒಂದು, ಕಂಪ್ಯೂಟರಿನ ಮೂಲಿಯ ಸ್ಪೀಕರ್ ಚಿತ್ರದಲ್ಲಿ ಒಂದು, ಹೊರಗಿನ ಸ್ಪೀಕರ್ ಪೆಟ್ಟಿಗೆಯ ಮ್ಯಾಲ ಒಂದು. ಬಾವಿಯ ಮೋಟರು, ಪೈಪಿನ ವಾಲ್ವು, ಮಡಿಯ ಬಾಯಿ ಇದ್ದಂಗ. ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ಧ್ವನಿ 100ಕ್ಕೆ ನಿಲ್ಲುವುದಿಲ್ಲ, ಮುಂದೂ ಹೋಗುತ್ತದೆ. ಅಲ್ಲಿಗೆ ಒಯ್ದರೆ ಏರು ದನಿಯ ಹಾಡು ಒಡೆಯುತ್ತದೆ. ಪ್ಲೇಯರ್ 100ಕ್ಕೆ ಇಡ್ರಿ, ಕಂಪ್ಯೂಟರಿನದು 80, 90ರ ಹತ್ತಿರ ಇಡ್ರಿ. ಹೆಚ್ಚು ಕಡಿಮಿ ಮಾಡುವುದನ್ನು ಸ್ಪೀಕರ್ ಪೆಟ್ಟಿಗೆಯ ತಿರುಗಣಿಯಲ್ಲಿ ಮಾತ್ರ ಮಾಡ್ರಿ.

ಎರಡನೆಯದು, ಕಂಪ್ಯೂಟರ್ ತಾನಾಗಿ ಹಾಕುವ ಮಸಾಲಿ ತೆಗೆಯುವುದು. ವಿಂಡೋಸಿನಲ್ಲಿ ಸೌಂಡ್ ಸೆಟ್ಟಿಂಗಿಗೆ ಹೋಗಿ ಸ್ಪೀಕರ್ ಆರಿಸಿದರೆ ಎನ್‌ಹಾನ್ಸ್‌ಮೆಂಟ್ಸ್ ಅಂತ ಸಿಗುತ್ತದೆ. ಬಾಸ್ ಬೂಸ್ಟ್, ವರ್ಚುವಲ್ ಸರೌಂಡ್, ಲೌಡ್‌ನೆಸ್ ಈಕ್ವಲೈಸೇಶನ್ ಇಂಥವು ಅದರೊಳಗೆ ಇರಬಹುದು. ಎಲ್ಲಾ ಬಂದ್ ಮಾಡ್ರಿ. ಇದರಾಗ ಲೌಡ್‌ನೆಸ್ ಅನ್ನುವುದು ನಮ್ಮ ಪದಕ್ಕೆ ದೊಡ್ಡ ವೈರಿ. ಸಣ್ಣ ಧ್ವನಿಯನ್ನು ಎತ್ತಿ, ದೊಡ್ಡ ಧ್ವನಿಯನ್ನು ತುಳಿದು ಎರಡನ್ನೂ ಒಂದೇ ಎತ್ತರಕ್ಕೆ ತರುತ್ತದೆ. ಒಬ್ಬ ಮೆಲ್ಲಗೆ ಎತ್ತಿಕೊಡುತ್ತಾನೆ, ಹಿಮ್ಮೇಳದವರು ಜೋರಾಗಿ ಹಿಡಿಯುತ್ತಾರೆ. ಪದದ ಜೀವ ಆ ಏರಿಳಿತದಲ್ಲಿದೆ. ಅದನ್ನು ಸಪಾಟ ಮಾಡಿದರೆ ಉಳಿಯುವುದು ಗದ್ದಲ. ಮ್ಯಾಲ ಹಾಡು ನಿಂತ ಜಾಗದಾಗ ಕ್ಯಾಸೆಟ್ಟಿನ ಸುಂಯ್‌ಗುಡುವುದನ್ನೂ ಅದು ಎತ್ತಿ ಕೊಡುತ್ತದೆ. ರಾತ್ರಿ ಮಗ್ಗಲು ಮನಿಯವರಿಗೆ ತ್ರಾಸಾಗದಂತೆ ಸಿನಿಮಾ ನೋಡುವವರಿಗೆ ಅದು ಬೇಕು, ಹಾಡು ಕಲಿಯುವವರಿಗೆ ಬೇಡ.

ಮೂರನೆಯದು ಈಕ್ವಲೈಸರ್. ವಿಎಲ್‌ಸಿಯಲ್ಲಿ ಸಾಲಾಗಿ ಹತ್ತು ಕಡ್ಡಿಗಳು ಕಾಣುತ್ತವೆ, 60ರಿಂದ ಶುರುವಾಗಿ 16,000ದ ತನಕ. ಇಲ್ಲಿ ಒಂದೇ ಮಾತು ನೆನಪಿಡ್ರಿ: ಏರಿಸುವ ಮೊದಲು ಇಳಿಸಿ ನೋಡ್ರಿ. ಮಾತು ಮುಚ್ಚಿದ್ದರೆ 3,000ದ ಕಡ್ಡಿ ಏರಿಸುವ ಬದಲು 170, 310ರ ಕಡ್ಡಿ ತುಸು ಇಳಿಸಿದರೆ ಮಾತು ತಾನೇ ಹೊರಗೆ ಬರುತ್ತದೆ. ಬೆಳಿ ಎದ್ದು ಕಾಣಬೇಕಾದರೆ ಕಸ ಕೀಳಬೇಕು, ಬೆಳಿ ಹಿಡಿದು ಎಳೆಯಬಾರದು. ಕ್ಯಾಸೆಟ್ಟಿನ ‘ಸ್ಸ್’ ಬಹಳ ಇದ್ದರೆ 12,000ದಿಂದ ಮುಂದಿನವು ಇಳಿಸ್ರಿ. 6,000ದ್ದನ್ನು ಬಹಳ ಮುಟ್ಟಬ್ಯಾಡ್ರಿ, ಸಕಾರ ಅಲ್ಲಿ ಐತಿ. ಗುಂಯ್ ಅನ್ನುವ ಕರೆಂಟಿನ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡ್ರಿ. ಸದ್ದು ನಿಂತರೆ ದೋಷ ಹಾಡಿನಲ್ಲಿಲ್ಲ, ವೈರಿಂಗಿನಲ್ಲಿ ಐತಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಆ ಸದ್ದು ಅದರದು.

ನಾಲ್ಕನೆಯದು, ಹಾಡು ಒಂದೇ ಕಡೆಯ ಸ್ಪೀಕರಿನಿಂದ ಬಂದರೆ. ಹಳೇ ಟೇಪಿನಿಂದ ಇಳಿಸುವಾಗ ಎಷ್ಟೋ ಸಲ ಒಂದೇ ಬದಿ ಸಿಗುತ್ತದೆ. ಹತ್ತು ಮಕ್ಕಳು ಕೂತಾಗ ಆ ಕಡೆಯವರಿಗೆ ಹಾಡು, ಈ ಕಡೆಯವರಿಗೆ ಗ್ವಾಡಿ. ವಿಂಡೋಸಿನಲ್ಲಿ ಮೊನೊ ಆಡಿಯೋ ಅಂತ ಒಂದು ಗುಂಡಿ ಐತಿ. ಅದನ್ನು ಒತ್ತಿದರೆ ಎರಡೂ ಕಡೆ ಒಂದೇ ಧ್ವನಿ ಬರುತ್ತದೆ.

ಇನ್ನು ಸೆಟ್ಟಿಂಗಿನಲ್ಲಿ 44,100, 48,000, 1,92,000 ಅಂತ ದೊಡ್ಡ ದೊಡ್ಡ ಅಂಕಿ ಕಾಣುತ್ತವೆ. ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತಾರೆ ಅನ್ನುವ ಲೆಕ್ಕ ಅದು. ಸಿಡಿಗೆ 44,100, ವಿಡಿಯೋಕ್ಕೆ ಹೆಚ್ಚಾಗಿ 48,000. ಅಂಕಿ ಏರಿಸಿದರೆ ಹಾಡು ಚಲೋ ಆಗತೈತಿ ಅಂತ ಹುಡುಗರು ಅಂತಾರ. ಸಣ್ಣ ಚೀಲದ ಜ್ವಾಳ ದೊಡ್ಡ ಚೀಲಕ್ಕೆ ಸುರುವಿದರೆ ಜ್ವಾಳ ಹೆಚ್ಚಾಗೂದಿಲ್ಲ. ಕ್ಯಾಸೆಟ್ಟಿನಲ್ಲಿ ಎಷ್ಟು ಇತ್ತೋ ಅಷ್ಟೇ ಬರುತ್ತದೆ. ಆದರೆ ಚೀಲ ಸಣ್ಣದು ಮಾಡಿದರೆ ಮಾತ್ರ ಚೆಲ್ಲುತ್ತದೆ. ವೇವ್ ಫೈಲು ಸಿಡಿಯ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ, 128ರ ಎಂಪಿ3 ಆದರೆ ಸುಮಾರು 1 ಎಂಬಿ. ಎಂಪಿ3 ಮಾಡುವಾಗ ಚೆಲ್ಲಿದ್ದನ್ನು ತಿರುಗಿ ತುಂಬಲು ಬರುವುದಿಲ್ಲ. ಫೋನಿಗೆ ಕಳಿಸಲು ಎಂಪಿ3 ಇರಲಿ, ಬೀಜದ ಜ್ವಾಳ ತೆಗೆದಿಟ್ಟಂಗ ವೇವ್ ಫೈಲನ್ನು ಎರಡು ಕಡೆ ತೆಗೆದಿಡ್ರಿ. ಮ್ಯಾಲ ಹೇಳಿದ ಸೆಟ್ಟಿಂಗ್ ಎಲ್ಲಾ ಕೇಳುವಾಗಿನವು. ಅವುಗಳಿಂದ ಮೂಲ ಫೈಲು ಕೆಡುವುದಿಲ್ಲ, ಅಂಜದೆ ಮಾಡಿ ನೋಡ್ರಿ.

ಹುಡುಗರಿಗೆ ಧಮ್ ಧಮ್ ಬೇಕು, ಅದರಾಗ ತಪ್ಪೇನಿಲ್ಲ. ಡೊಳ್ಳಿನ ರೆಕಾರ್ಡಿಗೆ ನಾನೂ 60ರ ಕಡ್ಡಿ ಕೆಳಗೆ ಬಿಡುವುದಿಲ್ಲ. ಡೊಳ್ಳು ಹೊಟ್ಟಿಗೆ ಬಡೀಬೇಕು. ಆದರೆ ಪದ ಕಿವಿಗೆ ಹೋಗಬೇಕು. ಎರಡಕ್ಕೂ ಒಂದೇ ಸೆಟ್ಟಿಂಗ್ ನಡೆಯುವುದಿಲ್ಲ. ಇನ್ನೊಂದು ಮಾತು: ಎರಡು ಸೆಟ್ಟಿಂಗ್ ತೂಗಿ ನೋಡುವಾಗ ಎರಡೂ ಒಂದೇ ಜೋರಿಗೆ ಇರಬೇಕು. ಯಾವುದು ಜೋರೋ ಅದೇ ಚಲೋ ಅಂತ ಕಿವಿ ಮೋಸ ಹೋಗತೈತಿ.

ಕಚೇರಿಯಲ್ಲಿ ಮರಾಠಿ, ಫೋನಿನಲ್ಲಿ ಹಿಂದಿ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ನಮ್ಮ ಮಕ್ಕಳಿಗೆ ಹಂತಿ, ಮೇಟಿ ಅನ್ನುವ ಮಾತು ಬೇರೆ ಕಡೆ ಎಲ್ಲೂ ಕಿವಿಗೆ ಬೀಳುವುದಿಲ್ಲ. ಪದದಾಗ ಹೋದರೆ ಹೋದಂಗ. ಸಂತಿ ಅಂತ ಕಲಿತ ಹುಡುಗ ನಾಳೆ ತನ್ನ ಮಕ್ಕಳಿಗೂ ಸಂತಿ ಅಂತಲೇ ಕಲಿಸುತ್ತಾನೆ, ಅದೇ ಖರೇ ಆಗತೈತಿ.

ಆದ್ದರಿಂದ ಗುರೂಜಿಗಳಿಗೆ, ಊರಿನ ಹಿರಿಯರಿಗೆ ನನ್ನದೊಂದು ಕೇಳಿಕೆ. ವಯಸ್ಸಾದಂತೆ ಕಿವಿಗೆ ಮ್ಯಾಲಿನ ಧ್ವನಿ ಕಡಿಮಿ ಕೇಳಿಸುತ್ತದೆ, ನನ್ನಂಥವನು ಒಬ್ಬನೇ ಕೂತು ಕಡ್ಡಿ ಎಳೆದರೆ ‘ಸ್ಸ್’ ಎಷ್ಟಿದೆ ಅಂತ ತಿಳಿಯುವುದಿಲ್ಲ. ಮಕ್ಕಳ ಕಿವಿ ಚುರುಕು, ಆದರೆ ಅವರಿಗೆ ಮಾತು ಗೊತ್ತಿಲ್ಲ. ವಾರಕ್ಕೊಮ್ಮೆ ಇಬ್ಬರೂ ಕೂಡಿ ಕೂಡ್ರಲಿ. ಮಗು ಕೇಳಿದ್ದನ್ನು ಬರೆಯಲಿ, ಹಂತಿ ಹೊಡೆದವರು ಅದನ್ನು ಓದಿಸಿಕೊಂಡು ತಿದ್ದಲಿ. ಹೊಡೆದವರು ಊರಾಗ ಇನ್ನ ನಾಕೈದು ಮಂದಿ ಅದೀವಿ.