ನಮ್ಮ ಹೆಸರಿಲ್ಲದ ಕರಾರು

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿಗೆ ನಮ್ಮ ಪೂರ್ವಿಕರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಪ್ರಬಲ ರಾಷ್ಟ್ರವೊಂದು ನೆರೆಯ ಸಣ್ಣ ರಾಷ್ಟ್ರದ ಮೇಲೆ ಒತ್ತಡ ತರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗಲೆಲ್ಲ ಈ ಮಾತು ನಮ್ಮ ನೆನಪಿಗೆ ಬರುತ್ತದೆ. ಇದು ದೂರದೇಶಗಳ ಸಮಾಚಾರವೆಂದು ವಾಚಕರು ಭಾವಿಸಬಾರದು. ಬಳ್ಳಾರಿಗೂ ರಾಯದುರ್ಗಕ್ಕೂ ನಡುವೆ ಇರುವ ನಮ್ಮ ಡಿ. ಹಿರೇಹಾಳಿನ ಆಸುಪಾಸಿನಲ್ಲಿಯೇ ಹಿಂದೆ ಎರಡು ಸಣ್ಣ ರಾಜ್ಯಗಳಿದ್ದವು. ದಕ್ಷಿಣಕ್ಕೆ ರಾಯದುರ್ಗ, ಪಶ್ಚಿಮದ ಗುಡ್ಡಗಳ ನಡುವೆ ಸಂಡೂರು. ಮೊದಲನೆಯದು ಅಳಿಯಿತು, ಎರಡನೆಯದು ಬಹುಕಾಲ ಉಳಿಯಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದು, ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಚರಿತ್ರೆಯನ್ನು ಬೋಧಿಸಿದ ನಮ್ಮನ್ನು ಇಂದಿಗೂ ಕಾಡುವ ಪ್ರಶ್ನೆ.

ರಾಯದುರ್ಗದ ಬೆಟ್ಟವು ಮೊದಲು ಬೇಡ ನಾಯಕರ ನೆಲೆಯಾಗಿದ್ದಿತು. ವಿಜಯನಗರದ ಅರಸರು ಅವರನ್ನಡಗಿಸಲು ಅಧಿಕಾರಿಯೊಬ್ಬನನ್ನು ಕಳುಹಿಸಿದರು. ಅವನು ತಾನೇ ಅಲ್ಲಿ ನೆಲೆನಿಂತುದರಿಂದ ಬೆಟ್ಟಕ್ಕೆ ಭೂಪತಿರಾಯನ ಕೊಂಡವೆಂಬ ಹೆಸರು ಬಂದಿತು. 1565ರಲ್ಲಿ ವಿಜಯನಗರವು ಸೋತ ಬಳಿಕ ಬೇಡ ನಾಯಕರು ಬೆಟ್ಟವನ್ನು ಮರಳಿ ಪಡೆದರು. ಕೆಲಕಾಲಾನಂತರ ಕುಂದುರ್ಪಿಯ ಕಡೆಯಿಂದ ಬಂದ ಕೋನೇಟಿ ನಾಯಕನು ಅವರನ್ನು ಹೊರಡಿಸಿ ತನ್ನ ಮನೆತನವನ್ನು ಸ್ಥಾಪಿಸಿದನು. ಅವನ ಮಗ ವೆಂಕಟಪತಿಯು ಕೋಟೆಯನ್ನು ಹಿಗ್ಗಿಸಿ ಬಲಪಡಿಸಿದನು.

ಈ ಮನೆತನದ ಮುಂದಿನವರು ಮೈಸೂರಿನ ಹೈದರಾಲಿಯ ಸ್ನೇಹವನ್ನು ಸಂಪಾದಿಸಿಕೊಂಡರು. ಅಷ್ಟರಿಂದ ತಾವು ಕ್ಷೇಮವೆಂದು ಅವರು ಬಗೆದಿರಬೇಕು. ಆದರೆ ಹೈದರನ ಮಗ ಟಿಪ್ಪು ಸುಲ್ತಾನನು ವಿಶ್ವಾಸದ್ರೋಹದಿಂದ ರಾಯದುರ್ಗವನ್ನು ಹಿಡಿದು ಸಂಸ್ಥಾನವನ್ನು ಮುಟ್ಟುಗೋಲು ಹಾಕಿಕೊಂಡನೆಂದು ಗೆಜೆಟಿಯರ್ ಬರೆದವರು ಹೇಳುತ್ತಾರೆ.

ಒಮ್ಮೆ ಈ ಪಾಠ ಮಾಡುತ್ತಿರುವಾಗ ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದುನಿಂತು, "ಸಾರ್, ಅಪ್ಪನ ಸಂಗಡ ಅಷ್ಟು ಸ್ನೇಹವಾಗಿದ್ದವರನ್ನು ಮಗ ಯಾಕೆ ಹಿಡಿದ?" ಎಂದು ಕೇಳಿದಳು. ಸ್ನೇಹವಿದ್ದುದು ಅಪ್ಪನೊಡನೆ, ಅಪ್ಪ ಹೋದ ಮೇಲೆ ಅದೂ ಹೋಯಿತು ಎಂದೆವು. ಆಕೆ ಅಲ್ಲಿಗೆ ಬಿಡಲಿಲ್ಲ. "ಹಾಗಾದರೆ ಬರೆಸಿಕೊಳ್ಳಬೇಕಿತ್ತಲ್ಲ, ಸಾರ್?" ಎಂದಳು. ಹೊಲ ಗುತ್ತಿಗೆಗೆ ಕೊಟ್ಟ ಮನೆಯ ಮಗು. ಕಾಗದದ ಬೆಲೆ ಆಕೆಗೆ ತಿಳಿದಿತ್ತು.

ಆ ಕಾಲದಲ್ಲಿ ಕಾಗದಗಳಿಗೇನೂ ಕೊರತೆಯಿರಲಿಲ್ಲ. 1792ರಲ್ಲಿ ಕಂಪನಿ, ನಿಜಾಮ, ಮರಾಠರು ಮೂವರೂ ಕೂಡಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನು ಬರೆಸಿಕೊಂಡರು. ಸಣ್ಣವರನ್ನು ನುಂಗಿದವನಿಗೂ ತನಗಿಂತ ದೊಡ್ಡವರು ಎದುರಾದರು. 1799ರಲ್ಲಿ ಅವನು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ನಮ್ಮ ಸೀಮೆಯು ನಿಜಾಮನ ಪಾಲಾಯಿತು. ಮರುವರ್ಷ, 1800ರಲ್ಲಿ, ಇಂಗ್ಲಿಷ್ ಸೈನ್ಯದ ರಕ್ಷಣೆಗೆ ಬದಲಾಗಿ ನಿಜಾಮನು ಈ ಪ್ರದೇಶವನ್ನೆಲ್ಲ ಕಂಪನಿಗೆ ಕೊಟ್ಟನು. ನಡುವೆ ರಾಯದುರ್ಗದ ಮನೆತನದವರೊಬ್ಬರು ತಮ್ಮ ಸಂಸ್ಥಾನವನ್ನು ಮರಳಿ ಪಡೆದರಾದರೂ, ಗಲಭೆ ಎಬ್ಬಿಸಿದರೆಂದು ನಿಜಾಮನು ಅವರನ್ನು ಹೈದರಾಬಾದಿಗೆ ಸಾಗಿಸಿದನು. ಕಂಪನಿಯು ಅವರನ್ನು ಗುತ್ತಿಗೆ ತಂದಿರಿಸಿತು. ಕೊನೆಯವರೆಗೂ ಅವರು ಅಲ್ಲಿಯೇ ಅರೆಸೆರೆಯಾಳಿನಂತೆ ಬಾಳಿದರು.

ಇಷ್ಟೆಲ್ಲ ಕರಾರುಗಳಲ್ಲಿ ಒಂದಕ್ಕೂ ರಾಯದುರ್ಗದ ರುಜುವಿಲ್ಲ. ಕೊಟ್ಟವನು ಒಬ್ಬ, ಪಡೆದವನು ಇನ್ನೊಬ್ಬ, ಕೈಬದಲಾದದ್ದು ನಮ್ಮ ನೆಲ. ನಮ್ಮ ಸೀಮೆಗೆ ದತ್ತ ಮಂಡಲವೆಂದೇ ಹೆಸರಾಯಿತು. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ರಾಯಲಸೀಮೆಯೆಂಬ ಗೌರವದ ಹೆಸರನ್ನು ಇಟ್ಟುಕೊಳ್ಳುವವರೆಗೆ ನಮ್ಮ ಹಿರಿಯರು ಬೇರೆಯವರ ಕರಾರಿನ ಹೆಸರನ್ನೇ ಹೊತ್ತು ತಿರುಗಿದರು.

ಸಂಡೂರಿನ ಕಥೆಯೂ ಹೀಗೆಯೇ ಮುಗಿಯಬಹುದಿತ್ತು. ಅಲ್ಲಿನ ಘೋರ್ಪಡೆ ಮನೆತನದ ಮೇಲೆ ಪೇಶ್ವೆ ಎರಡನೆಯ ಬಾಜಿರಾಯನಿಗೆ ಕಣ್ಣಿತ್ತು. 1802ರ ಬಸ್ಸೇನ್ ಒಪ್ಪಂದದ ಪ್ರಕಾರ ಪೇಶ್ವೆಗೆ ನೆರವಾಗಲು ಕಂಪನಿಯು ಬದ್ಧವಾಗಿತ್ತು. ಇಬ್ಬರು ದೊಡ್ಡವರ ಆ ಕಾಗದವನ್ನು ಮುಂದಿಟ್ಟುಕೊಂಡು 1817ರ ಅಕ್ಟೋಬರಿನಲ್ಲಿ ಥಾಮಸ್ ಮನ್ರೋ ಸೈನ್ಯದೊಂದಿಗೆ ಸಂಡೂರಿಗೆ ಬಂದನು. ಅರಸ ಶಿವರಾಯರು ಕಾದಾಡದೆ ಕೋಟೆಯನ್ನು ಒಪ್ಪಿಸಿದರು. ಮರುತಿಂಗಳೇ ಪೇಶ್ವೆಯು ಕಂಪನಿಯ ಮೇಲೆ ಯುದ್ಧ ಹೂಡಿದನು. 1818ರಲ್ಲಿ, ಮನ್ರೋವಿನ ಶಿಫಾರಸಿನ ಮೇಲೆ, ಸಂಡೂರು ಶಿವರಾಯರಿಗೆ ಮರಳಿ ಬಂದಿತು. 1826ರಲ್ಲಿ, ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, ಶಿವರಾಯರ ಹೆಸರಿಗೇ ಸನ್ನದು ದೊರೆಯಿತು. ಆ ಪುಟ್ಟ ಸಂಸ್ಥಾನವು ಬಳ್ಳಾರಿ ಜಿಲ್ಲೆಯ ಒಡಲಿನಲ್ಲಿದ್ದುಕೊಂಡೇ 1949ರಲ್ಲಿ ಭಾರತದ ಮದರಾಸು ಪ್ರಾಂತ್ಯದಲ್ಲಿ ಸೇರುವವರೆಗೆ ಬಾಳಿತು. ಸಂಡೂರನ್ನು ಮೊದಲು ಬದುಕಿಸಿದ್ದು ಅದೃಷ್ಟ ಮತ್ತು ಒಬ್ಬ ಅಧಿಕಾರಿಯ ಸದ್ಬುದ್ಧಿ. ಆ ಅಧಿಕಾರಿ ತೀರಿಹೋದ ಮೇಲೂ ನೂರಕ್ಕೂ ಹೆಚ್ಚು ವರ್ಷ ಅದನ್ನು ಕಾಯ್ದದ್ದು ತನ್ನ ಹೆಸರಿದ್ದ ಕಾಗದ.

ಹೊರಜಗತ್ತಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ನಗರದಲ್ಲಿ ಜರ್ಮನಿ, ಇಟಲಿ, ಬ್ರಿಟನ್, ಫ್ರಾನ್ಸ್ ನಾಲ್ಕೂ ಕುಳಿತು ಚೆಕೊಸ್ಲೊವಾಕಿಯದ ಗಡಿಪ್ರದೇಶವನ್ನು ಹಿಟ್ಲರನಿಗೆ ಕೊಟ್ಟವು. ಮಾತುಕತೆಯ ಮೇಜಿನಲ್ಲಿ ಚೆಕೊಸ್ಲೊವಾಕಿಯಕ್ಕೆ ಸ್ಥಾನವಿರಲಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಜರ್ಮನಿಯ ಸೈನ್ಯವು ಪ್ರಾಗ್ ನಗರವನ್ನು ಹೊಕ್ಕಿತು. ಇದಕ್ಕೆ ಪ್ರತಿಯಾಗಿ 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅಂದೇ ಸಭೆ ಸೇರಿ ಸೈನ್ಯವನ್ನು ಹಿಂತೆಗೆಯಬೇಕೆಂದು ನಿರ್ಣಯಿಸಿತು. ಕುವೈತಿನ ನೆರವಿಗೆ ಬಂದವರಿಗೆ ಅಲ್ಲಿನ ಎಣ್ಣೆಯ ಮೇಲಿನ ಆಸೆಯೂ ಇದ್ದಿರಬಹುದು. ಆದರೂ ಆ ಪುಟ್ಟ ದೇಶವು ವಿಶ್ವಸಂಸ್ಥೆಯ ಸನ್ನದಿಗೆ ತನ್ನ ಹೆಸರಿನಲ್ಲಿಯೇ ಸೇರಿದ ಸದಸ್ಯವಾಗಿದ್ದುದರಿಂದ, ಅದರ ದೂರನ್ನು ಕೇಳುವುದಿಲ್ಲವೆಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಕಾಗದವು ಸೈನ್ಯವನ್ನು ತಾನಾಗಿ ತಡೆಯಲಾರದು. ಆದರೆ ದುರ್ಬಲನ ಪರವಾಗಿ ನಿಲ್ಲಬೇಕೆನ್ನುವವರಿಗೆ ನಿಲ್ಲಲು ನೆಲವನ್ನು ಒದಗಿಸುತ್ತದೆ.

ಇನ್ನು ನಮ್ಮ ವಿಷಯ. ತೊಟ್ಟಿಲಿನಲ್ಲಿದ್ದಾಗ ನಾವು ಬಳ್ಳಾರಿ ಜಿಲ್ಲೆಯವರು. ನೆಟ್ಟಗೆ ನಡೆಯಲು ಕಲಿಯುವಷ್ಟರಲ್ಲಿ ಅನಂತಪುರ ಜಿಲ್ಲೆಯವರಾದೆವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಉಳಿದವು ಮೈಸೂರಿಗೆ ಹೋದವು. ಇದನ್ನು ದಂಡಯಾತ್ರೆಗೆ ಹೋಲಿಸುವುದು ಸಲ್ಲದು. ಒಂದೇ ಗಣರಾಜ್ಯದೊಳಗಿನ ಏರ್ಪಾಡು ಅದು, ತೆಲುಗು ಬಾಂಧವರೊಡನೆ ನಾವು ಅಣ್ಣತಮ್ಮಂದಿರಂತೆ ಬಾಳಿದ್ದೇವೆ. ಆದರೂ ಅಂದಿನಿಂದ ನಮ್ಮ ಕನ್ನಡವು ದೊಡ್ಡ ಮನೆಯಲ್ಲಿನ ಸಣ್ಣ ಪಾಲುದಾರನಾಯಿತು.

ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಯೊಂದು ಬಹಳ ಕಾಲ ಖಾಲಿ ಉಳಿದಿತ್ತು. ಕಚೇರಿಗೆ ಹೋಗಿ ಕೇಳಿದರೆ ಅಧಿಕಾರಿಯೊಬ್ಬರು, "ಇಷ್ಟು ಕಡಿಮೆ ಮಕ್ಕಳಿಗೆ ಬೇರೆ ಶಿಕ್ಷಕರು ಯಾಕೆ ಮೇಷ್ಟ್ರೇ? ತೆಲುಗಿನಲ್ಲೇ ಕೂರಿಸಿ" ಎಂದರು. ಹಿಂದಿನ ಅಧಿಕಾರಿ ಕನ್ನಡವೆಂದರೆ ಪ್ರೀತಿಯಿದ್ದವರು, ಅವರ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ವರ್ಗವಾಗಿ ಅವರು ಹೋದರು, ಪ್ರೀತಿಯೂ ಅವರೊಡನೆ ಹೋಯಿತು. ಆಗ ನಮಗೆ ಆ ಬಾಲಕಿಯ ಮಾತು ಹೊಳೆಯಿತು. ಮರುವಾರ ಸಂವಿಧಾನದ 350ಎ ವಿಧಿಯ ನಕಲನ್ನು ಕೊಂಡೊಯ್ದು ಅವರ ಮೇಜಿನ ಮೇಲಿಟ್ಟೆವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು 1956ರ ಏಳನೆಯ ತಿದ್ದುಪಡಿಯು ಸೇರಿಸಿದ ವಿಧಿ ಅದು. ಅವರು ಎರಡು ಸಲ ಓದಿದರು. "ಅರ್ಜಿಯೊಂದಿಗೆ ಇದನ್ನೂ ಲಗತ್ತಿಸಿ" ಎಂದರು. ಆ ಬೇಸಗೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಶಿಕ್ಷಕರು ಬಂದರು.

ಆದುದರಿಂದ ಸಂಘದ ಕಿರಿಯರಿಗೆ ನಮ್ಮ ವಿನಂತಿ ಇಷ್ಟೇ. ದೊಡ್ಡವರ ದಾಕ್ಷಿಣ್ಯವನ್ನು ಬೇಡುವುದಕ್ಕಿಂತ ನಮಗೆ ಬರೆದುಕೊಟ್ಟಿರುವುದೇನೆಂದು ಮೊದಲು ಓದಿಕೊಳ್ಳಿರಿ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರಿ, ಕೇಳುವವರೇ ಇಲ್ಲದ ಹಕ್ಕು ಕಪಾಟಿನಲ್ಲಿ ಕೊಳೆಯುವ ಹಳೆಯ ಪಟ್ಟೆಯಂತೆ. ಕಡೆಯದಾಗಿ, ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ನಮ್ಮ ಕನ್ನಡವೇ ಪ್ರಬಲ ನೆರೆಯೆಂಬುದನ್ನು ಮರೆಯದಿರಿ. ಆ ಮಗುವಿನ ಪಾಠದ ವಿಷಯ ನಿಶ್ಚಯವಾಗುವ ಸಭೆಯಲ್ಲಿ ಅದರ ತಂದೆತಾಯಿಗಳಿಗೂ ಒಂದು ಕುರ್ಚಿ ಹಾಕಿಸಿರಿ.